ಐರ್ಲೆಂಡಿನ ಪತ್ತೇದಾರಿ ಕತೆಯಲ್ಲಿ ಫೇರಿಗಳಿಗೇನು ಕೆಲಸ?

ಎಲ್ಲರಿಗೂ ನಮಸ್ಕಾರ.

1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಇಂಗ್ಲಿಷ್ ಲೇಖಕರು ಪತ್ತೇದಾರಿ ಕತೆ ಬರೆಯುವವರಿಗೆ ಹತ್ತು ನಿಯಮ ಹಾಕಿಕೊಟ್ಟರು. ಎರಡನೆಯ ನಿಯಮ ಇದು: ದೆವ್ವ, ಮಾಯೆ, ಅತೀಂದ್ರಿಯ ಶಕ್ತಿ, ಇಂಥದ್ದು ಯಾವುದೂ ಕತೆಯ ಒಳಗೆ ಕಾಲಿಡಕೂಡದು. ತಮಾಷೆ ಏನಂದರೆ ನಾಕ್ಸ್ ಸ್ವತಃ ಕ್ಯಾಥೊಲಿಕ್ ಪಾದ್ರಿ. ಚರ್ಚಿನಲ್ಲಿ ಪವಾಡ ಇರಲಿ, ಕೊಲೆ ಕತೆಯಲ್ಲಿ ಮಾತ್ರ ಬೇಡ ಅಂದುಬಿಟ್ಟರು. ಅವರು ಹೇಳಿದ್ದರಲ್ಲಿ ನ್ಯಾಯ ಇದೆ. ಬೀಗ ಹಾಕಿದ ಕೋಣೆಯಲ್ಲಿ ಹೆಣ ಬಿದ್ದಿದೆ, ಮುನ್ನೂರು ಪುಟ ಓದಿದ ಮೇಲೆ ದೆವ್ವ ಗೋಡೆ ತೂರಿ ಬಂದಿತ್ತು ಅಂತ ಹೇಳಿದರೆ ಓದುಗ ಪುಸ್ತಕ ಎಸೆಯುತ್ತಾನೆ, ಅಲ್ವಾ?

ಆದರೆ ಈ ನಿಯಮ ಐರ್ಲೆಂಡಿನಲ್ಲಿ ಅಷ್ಟು ಸುಲಭಕ್ಕೆ ನಡೆಯುವುದಿಲ್ಲ. ಅಲ್ಲಿನ ಕತೆಗಳಲ್ಲಿ ಫೇರಿ ಕೊಲೆಗಾರ ಆಗದಿದ್ದರೂ, ಫೇರಿ ಇದೆ ಅನ್ನುವ ನಂಬಿಕೆ ಕೊಲೆಗೆ ಕಾರಣ ಆಗಬಹುದು. ಆಯುಧ ಆಗಬಹುದು, ನೆಪವೂ ಆಗಬಹುದು. ಈ ಜಾತಿಯ ಕತೆಗಳಲ್ಲಿ ಚೆನ್ನಾಗಿರುವವು ಯಾವುವು ಅಂತ ನನ್ನನ್ನು ಕೇಳಿದರೆ, ನಂಬಿಕೆಯನ್ನು ಪೊಲೀಸ್ ಫೈಲಿನ ಒಳಗೇ ಇಟ್ಟವು ಅನ್ನುತ್ತೇನೆ. ಸುಮ್ನೆ ಮಂಜು, ಬೆಟ್ಟ, ಸಾವು ಬರುವ ಮುಂಚೆ ರಾತ್ರಿ ಅಳುವ ಬ್ಯಾನ್‌ಶೀ ಅನ್ನುವ ಹೆಣ್ಣು ದೆವ್ವ ಅಂತ ಅಲಂಕಾರಕ್ಕೆ ಇಟ್ಟವು ಬೇಗ ಹಳಸುತ್ತವೆ.

ಮೊದಲಿಗೆ ಒಂದು ಮಾತು. ಫೇರಿ ಅಂದ ಕೂಡಲೇ ನಮಗೆ ರೆಕ್ಕೆ ಇರುವ ಪುಟ್ಟ ಹುಡುಗಿ ನೆನಪಾಗುತ್ತಾಳೆ. ಅದನ್ನು ಮರೆತುಬಿಡಿ. ಐರಿಶ್ ಹಳ್ಳಿಯವರ ಫೇರಿಗಳು ಹೆಚ್ಚುಕಡಿಮೆ ಮನುಷ್ಯರ ಹಾಗೇ ಇರುವವರು, ನೆಲದ ಕೆಳಗೆ ಸಂಸಾರ ಮಾಡುವವರು, ಮುನಿಸಿಕೊಂಡರೆ ದನ ಸಾಯಿಸುವವರು. ಚೆನ್ನಾಗಿರುವ ಹೆಂಗಸನ್ನೋ ಮಗುವನ್ನೋ ಎತ್ತಿಕೊಂಡು ಹೋಗಿ, ಅದೇ ಮುಖದ ಇನ್ನೊಂದನ್ನು ಬಿಟ್ಟುಹೋಗುತ್ತಾರೆ. ಆ ಬದಲಿಗೆ ಚೇಂಜ್‌ಲಿಂಗ್ ಅನ್ನುತ್ತಾರೆ. ಅವರು ವಾಸ ಇರುವ ಜಾಗ ಹೊಲದ ನಡುವೆ ಉಳಿದಿರುವ ಹಳೆಯ ಮಣ್ಣಿನ ಉಂಗುರ ಕೋಟೆಗಳು. ನಿಜವಾಗಿ ಅವು ಸಾವಿರ ವರ್ಷಕ್ಕೂ ಹಿಂದೆ ರೈತರು ಮನೆ ಕಟ್ಟಿಕೊಂಡಿದ್ದ ಜಾಗಗಳು. ದೇಶದಲ್ಲಿ ಅಂಥವು 40,000ಕ್ಕೂ ಜಾಸ್ತಿ ಇವೆ. ಇಷ್ಟೊಂದು ಉಳಿಯೋದಕ್ಕೆ ಒಂದು ಕಾರಣ, ಅವುಗಳ ಮೇಲೆ ನೇಗಿಲು ಹಾಯಿಸಲು ಜನ ಹೆದರುತ್ತಿದ್ದದ್ದು.

ಈಗ ನಿಜವಾಗಿ ನಡೆದ ಒಂದು ಪ್ರಕರಣ ಹೇಳುತ್ತೇನೆ. ಈ ಬಗೆಯ ಬರವಣಿಗೆಯ ಬೇರು ಎಲ್ಲಿದೆ ಅಂತ ಇದರಲ್ಲೇ ಗೊತ್ತಾಗುತ್ತದೆ.

1895, ಟಿಪ್ಪರರಿ ಜಿಲ್ಲೆ, ಬ್ಯಾಲಿವಾಡ್ಲಿ ಅನ್ನುವ ಸಣ್ಣ ಊರು. ಬ್ರಿಜೆಟ್ ಕ್ಲಿಯರಿ ಇಪ್ಪತ್ತು ದಾಟಿದ ಹೆಂಗಸು. ಬಟ್ಟೆ ಹೊಲಿಯುತ್ತಾಳೆ, ಮನೆಯಲ್ಲಿ ಸಿಂಗರ್ ಹೊಲಿಗೆ ಯಂತ್ರ ಇದೆ, ಕೋಳಿ ಸಾಕಿ ಮೊಟ್ಟೆ ಮಾರುತ್ತಾಳೆ. ಅಂದರೆ ಕೈಯಲ್ಲಿ ಸ್ವಂತ ದುಡ್ಡು ಓಡಾಡುತ್ತದೆ. ಗಂಡ ಮೈಕೆಲ್ ಪೀಪಾಯಿ ಮಾಡುವ ಕೆಲಸದವನು. ಮದುವೆಯಾಗಿ ಏಳೆಂಟು ವರ್ಷ, ಮಕ್ಕಳಿಲ್ಲ. ಮಾರ್ಚ್ ಮೊದಲಲ್ಲಿ ಮೊಟ್ಟೆ ಕೊಡಲು ಹೋಗಿ ಬಂದವಳಿಗೆ ಚಳಿ ಜ್ವರ, ತಲೆನೋವು ಹಿಡಿಯಿತು. ಅವಳು ಹೋಗಿದ್ದ ದಾರಿ ಕೈಲನಗ್ರಾನಾ ಗುಡ್ಡದ ಕಡೆ. ಅಲ್ಲೊಂದು ಫೇರಿ ಕೋಟೆ. ಅಷ್ಟು ಸಾಕಾಯಿತು.

ಡಾಕ್ಟರು ಬಂದು ನೋಡಿದರು, ಪಾದ್ರಿಯೂ ಬಂದರು. ಗಂಡನಿಗೆ ಮಾತ್ರ ಇವಳು ನನ್ನ ಹೆಂಡತಿ ಅಲ್ಲ ಅನ್ನುವ ಅನುಮಾನ ತಲೆಗೆ ಹೊಕ್ಕಿತ್ತು. ಜಾಕ್ ಡನ್ ಅನ್ನುವ ನೆಂಟರವನು, ಹಳೆಯ ಕತೆಗಳನ್ನು ಬಲ್ಲವನು, ಅದಕ್ಕೆ ಒತ್ತು ಕೊಟ್ಟ. 14ರ ರಾತ್ರಿ ಮನೆ ತುಂಬ ಜನ: ಅವಳ ಅಪ್ಪ, ಸೋದರತ್ತೆ, ಆಕೆಯ ಮಕ್ಕಳು, ಅಕ್ಕಪಕ್ಕದವರು. ಕೈಕಾಲು ಹಿಡಿದುಕೊಂಡು, ಹಾಲಿನಲ್ಲಿ ಕಾಯಿಸಿದ ಕಹಿ ಸೊಪ್ಪಿನ ಕಷಾಯ ಬಾಯಿಗೆ ಸುರಿದು, ದೇವರ ಹೆಸರಿನಲ್ಲಿ ಹೇಳು, ನೀನು ಮೈಕೆಲ್ ಕ್ಲಿಯರಿಯ ಹೆಂಡತಿ ಬ್ರಿಜೆಟ್ ಹೌದಾ ಅಲ್ಲವಾ ಅಂತ ಮತ್ತೆ ಮತ್ತೆ ಕೇಳಿದರು. ಅಡುಗೆಮನೆಯ ಒಲೆಯ ಮೇಲೆ ಅವಳನ್ನು ಹಿಡಿದರು. ಮಾರನೆಯ ರಾತ್ರಿ ಮೈಕೆಲ್ ಅದೇ ಪ್ರಶ್ನೆ ಹಿಡಿದು ಕೂತ, ಅವಳನ್ನು ಕೆಳಗೆ ಕೆಡವಿದ, ಬಟ್ಟೆಗೆ ಬೆಂಕಿ ಹತ್ತಿತು, ದೀಪದ ಎಣ್ಣೆ ಸುರಿದ. ಆಮೇಲೆ ಹೆಣ ಹೂತು ಬಂದು, ಕೈಲನಗ್ರಾನಾ ಕೋಟೆಯ ಹತ್ತಿರ ಕಪ್ಪು ಹಿಡಿಯ ಚಾಕು ಹಿಡಿದು ರಾತ್ರಿಯೆಲ್ಲ ಕಾದ. ನಿಜವಾದ ಬ್ರಿಜೆಟ್ ಬಿಳಿ ಕುದುರೆ ಏರಿ ಬರುತ್ತಾಳೆ, ಕಟ್ಟಿದ ಹಗ್ಗ ಕತ್ತರಿಸಿ ಕರೆದುಕೊಂಡು ಬರಬೇಕು, ಅಂತ.

ಹೆಂಗಸು ಕಾಣೆಯಾಗಿದ್ದಾಳೆ ಅನ್ನುವ ಗುಸುಗುಸು ಪೊಲೀಸರ ಕಿವಿಗೆ ಬಿತ್ತು. ಹುಡುಕಾಟ ಶುರುವಾಯಿತು. 22ಕ್ಕೆ ಮನೆಯಿಂದ ಸ್ವಲ್ಪವೇ ದೂರದಲ್ಲಿ, ಆಳವಿಲ್ಲದ ಗುಂಡಿಯಲ್ಲಿ ದೇಹ ಸಿಕ್ಕಿತು. ಜುಲೈನಲ್ಲಿ ಕ್ಲಾನ್‌ಮೆಲ್ ಊರಿನಲ್ಲಿ ವಿಚಾರಣೆ. ಕೊಲೆ ಅನ್ನಲಿಲ್ಲ, ಉದ್ದೇಶವಿಲ್ಲದ ನರಹತ್ಯೆ ಅಂದರು. ಮೈಕೆಲ್‌ಗೆ 20 ವರ್ಷದ ಶಿಕ್ಷೆ. 15 ವರ್ಷ ಕಳೆದು 1910ರಲ್ಲಿ ಬಿಡುಗಡೆಯಾಗಿ ಕೆನಡಾದ ಮಾಂಟ್ರಿಯಲ್‌ಗೆ ಹೋದ. ಐರ್ಲೆಂಡ್ ತನ್ನನ್ನು ತಾನೇ ಆಳಿಕೊಳ್ಳಬಲ್ಲದಾ ಅನ್ನುವ ಜಗಳ ಜೋರಾಗಿದ್ದ ಕಾಲ ಅದು. ಇಂಥ ಜನಕ್ಕೆ ಆಡಳಿತ ಕೊಡ್ತೀರಾ ಅಂತ ಕೇಳುವವರಿಗೆ ಈ ಸುದ್ದಿ ಚೆನ್ನಾಗಿ ಸಿಕ್ಕಿತು. ಬೇಜಾರಿನ ಸಂಗತಿ ಅಂದರೆ, ಊರಿನ ಮಕ್ಕಳು ಇದನ್ನೇ ಪ್ರಾಸ ಕಟ್ಟಿ ಆಡುವ ಪದ ಮಾಡಿಕೊಂಡರು.

ಈಗ ಪತ್ತೇದಾರನ ಕಣ್ಣಿನಿಂದ ನೋಡಿ. ಯಾರು ಮಾಡಿದರು ಅನ್ನೋದು ಇಲ್ಲಿ ಒಗಟೇ ಅಲ್ಲ. ಮನೆಯಲ್ಲಿ ಅಷ್ಟು ಜನ ಇದ್ದರು, ನೋಡಿದರು. ಗಟ್ಟಿ ಸಾಕ್ಷಿ ಹೇಳಿದವಳು ಅವಳದೇ ಬಂಧು ಜೊಹಾನಾ ಬರ್ಕ್. ಉಳಿದಿರುವ ಒಗಟು ಬೇರೆ: ಮೈಕೆಲ್ ನಿಜವಾಗಿ ನಂಬಿದ್ದನಾ? ಅಥವಾ ಸ್ವಂತ ದುಡ್ಡಿನ, ಸ್ವಂತ ಮಾತಿನ ಹೆಂಡತಿಯ ಮೇಲಿನ ಸಿಟ್ಟಿಗೆ ಊರೇ ಒಪ್ಪುವ ಒಂದು ಹೆಸರು ಸಿಕ್ಕಿತಾ? ಸುತ್ತ ಕೂತವರಲ್ಲಿ ಎಷ್ಟು ಜನ ನಂಬಿದರು, ಎಷ್ಟು ಜನ ಹೆದರಿ ಸುಮ್ಮನಾದರು? ಕೋರ್ಟು ಇದನ್ನು ಅಳೆಯಲಾರದು. ಕಾದಂಬರಿಗೆ ಅದು ಸಾಧ್ಯ. ನನಗೆ ಇಡೀ ಪ್ರಕಾರದ ಕಸುಬು ಇಲ್ಲೇ ಇದೆ ಅನ್ನಿಸುತ್ತದೆ. ಪತ್ತೇದಾರ ಫೇರಿ ಇಲ್ಲ ಅಂತ ಸಾಬೀತು ಮಾಡೋಕೆ ಹೊರಟರೆ ಕತೆ ಪಾಠ ಆಗುತ್ತದೆ, ಇದೆ ಅಂತ ಹೊರಟರೆ ನಾಕ್ಸ್ ಎದ್ದು ಬಂದು ಬೈಯುತ್ತಾರೆ. ಯಾರಿಗೆ ಈ ನಂಬಿಕೆಯಿಂದ ಲಾಭ ಆಯಿತು ಅಂತ ಅವನು ಕೇಳಬೇಕು.

ಈ ದಾರಿ ಹೊಸದಲ್ಲ. ಡಬ್ಲಿನ್‌ನ ಶೆರಿಡನ್ ಲೆ ಫಾನು 1872ರಲ್ಲೇ ಒಂದು ಕತೆಗಳ ಸಂಕಲನ ತಂದರು. ಅದರಲ್ಲಿ ಹೆಸೀಲಿಯಸ್ ಅನ್ನುವ ವೈದ್ಯನ ಕಡತಗಳಿಂದ ತೆಗೆದ ಪ್ರಕರಣಗಳು ಅನ್ನುವ ಹಾಗೆ ಕತೆಗಳನ್ನು ಕಟ್ಟಿದ್ದಾರೆ. ದೆವ್ವದ ಕತೆಗೆ ರೋಗಿಯ ದಾಖಲೆಯ ರೂಪ. ಷರ್ಲಾಕ್ ಹೋಮ್ಸ್ ಹುಟ್ಟೋದಕ್ಕೆ ಇನ್ನೂ ಹದಿನೈದು ವರ್ಷ ಇತ್ತು. ಒಂದು ಕತೆಯಲ್ಲಿ ಪಾದ್ರಿಯೊಬ್ಬನಿಗೆ ಕಪ್ಪು ಕೋತಿ ಕಾಣುತ್ತಿರುತ್ತದೆ. ವೈದ್ಯ ಕಾರಣ ಹೇಳುತ್ತಾನೆ, ಆ ಕಾರಣದಿಂದ ನಮಗೆ ಸಮಾಧಾನ ಮಾತ್ರ ಆಗುವುದಿಲ್ಲ. ಉತ್ತರ ಸಿಕ್ಕಿಯೂ ಬಾಗಿಲು ಪೂರ್ತಿ ಮುಚ್ಚದ ಈ ರುಚಿ ಇವತ್ತಿನ ಐರಿಶ್ ಬರಹಗಾರರಿಗೂ ಹತ್ತಿದೆ. ಸ್ಟುವರ್ಟ್ ನೆವಿಲ್ 2009ರ ತಮ್ಮ ಕಾದಂಬರಿಯಲ್ಲಿ, ಬೆಲ್‌ಫಾಸ್ಟ್‌ನ ಮಾಜಿ ಬಂದೂಕುಧಾರಿಯೊಬ್ಬನ ಬೆನ್ನಿಗೆ ಅವನೇ ಕೊಂದ ಹನ್ನೆರಡು ಜನರನ್ನು ಬಿಟ್ಟರು. ಅವು ದೆವ್ವವೋ ಮನಸ್ಸಿನ ಕಾಟವೋ ಅಂತ ನೀವು ಬೇಕಾದ ಹಾಗೆ ಓದಿಕೊಳ್ಳಬಹುದು, ಕತೆ ಓಡುವುದು ನಿಲ್ಲುವುದಿಲ್ಲ.

ಬರೆಯುವವರು ಯಾರಾದರೂ ಇಲ್ಲಿ ಇದ್ದರೆ, ಸರಕು ಎಲ್ಲಿದೆ ಅಂತಲೂ ಹೇಳಿಬಿಡುತ್ತೇನೆ. 1937ರಿಂದ 1939ರವರೆಗೆ ಐರ್ಲೆಂಡಿನ ಜಾನಪದ ಆಯೋಗ ಶಾಲೆಯ ಮಕ್ಕಳಿಂದಲೇ ಊರಿನ ಕತೆಗಳನ್ನು ಬರೆಸಿತು. ಸುಮಾರು 5,000 ಶಾಲೆ, ಸುಮಾರು 50,000 ಮಕ್ಕಳು. ಅಜ್ಜ ಅಜ್ಜಿ ಹೇಳಿದ್ದನ್ನು ನೋಟ್‌ಬುಕ್ಕಿಗೆ ಇಳಿಸಿದರು. ಎಷ್ಟೋ ಪುಟ ಈಗ ಆನ್‌ಲೈನ್‌ನಲ್ಲೇ ಓದಬಹುದು. ಯಾವ ಗುಡ್ಡ ಅಗೆಯಬಾರದು, ಯಾವ ಮರ ಮುಟ್ಟಬಾರದು ಅನ್ನುವ ಮಾತು ಅದರಲ್ಲಿ ತುಂಬಿದೆ. ಪತ್ತೇದಾರಿ ಕತೆಗೆ ಇದಕ್ಕಿಂತ ಚೆನ್ನಾದ ನಕ್ಷೆ ಬೇಕಾ? ಅಗೆಯಬಾರದ ಜಾಗದಲ್ಲಿ ಏನು ಬೇಕಾದರೂ ಹೂತಿಡಬಹುದು, ಯಾರೂ ಕೈ ಹಾಕುವುದಿಲ್ಲ.

ಇದೆಲ್ಲ ಹಳೇ ಕಾಲದ್ದು ಅಂತ ಅಂದುಕೊಳ್ಳಬೇಡಿ. 1999ರಲ್ಲಿ ಕ್ಲೇರ್ ಜಿಲ್ಲೆಯ ಲಟೂನ್ ಹತ್ತಿರ ಹೆದ್ದಾರಿ ಮಾಡುವಾಗ ಒಂದು ಒಂಟಿ ಮುಳ್ಳುಮರ ಅಡ್ಡ ಬಂತು. ಎಡ್ಡಿ ಲೆನಿಹನ್ ಅನ್ನುವ ಕತೆಗಾರರು ಇದು ಫೇರಿಗಳು ಯುದ್ಧಕ್ಕೆ ಹೊರಡುವ ಮುಂಚೆ ಸೇರುವ ಜಾಗ, ಕಡಿದರೆ ರಸ್ತೆಯಲ್ಲಿ ಅಪಘಾತ ಆಗುತ್ತದೆ ಅಂತ ಪಟ್ಟು ಹಿಡಿದರು. ಮರ ಉಳಿಯಿತು. 2002ರಲ್ಲಿ ಯಾರೋ ಬಂದು ಅದರ ಕೊಂಬೆಗಳನ್ನೆಲ್ಲ ಕತ್ತರಿಸಿ ಹಾಕಿದರು. ಮತ್ತೆ ಚಿಗುರಿತು, ಅದು ಬೇರೆ ಮಾತು. ಆದರೆ ನನ್ನ ಬುದ್ಧಿ ಓಡುವುದು ಆ ಗರಗಸ ಹಿಡಿದವನ ಕಡೆಗೇ. ಯಾರವನು, ಅವನಿಗೆ ಮರದ ಮೇಲೆ ಏನು ಸಿಟ್ಟು?

ಕೊನೆಗೆ ಬ್ರಿಜೆಟ್ ಹತ್ತಿರ ಇನ್ನೊಂದು ಸಲ ಹೋಗಬೇಕು, ಯಾಕಂದರೆ ಜೊಹಾನಾ ಬರ್ಕ್ ಹೇಳಿಕೆಯಲ್ಲಿ ಒಂದು ಮಾತಿದೆ, ಅದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಆ ಕೊನೆಯ ರಾತ್ರಿ ಬ್ರಿಜೆಟ್ ಗಂಡನಿಗೆ ಹೇಳಿದಳಂತೆ: ಫೇರಿಗಳ ಜೊತೆ ಹೋಗುತ್ತಿದ್ದವಳು ನಿನ್ನ ತಾಯಿ, ಅದಕ್ಕೇ ನಾನೂ ಹೋಗುತ್ತೇನೆ ಅಂದುಕೊಂಡಿದ್ದೀಯ. ನಮ್ಮ ತಾಯಿ ನಿನಗೆ ಹಾಗೆ ಹೇಳಿದಳಾ ಅಂತ ಅವನು ಕೇಳಿದ. ಹೌದು, ಎರಡು ರಾತ್ರಿ ಅವರ ಜೊತೆ ಕಳೆದೆ ಅಂತ ಹೇಳಿದ್ದಳು ಅಂದಳು. ಇದಾದ ಸ್ವಲ್ಪ ಹೊತ್ತಿಗೆ ಅವಳು ಸತ್ತಳು. ನಾನು ಈ ಕತೆ ಬರೆಯುವವನಾಗಿದ್ದರೆ ನನ್ನ ಪೊಲೀಸಿನವನನ್ನು ಗುಡ್ಡದ ಕೋಟೆಗೆ ಕಳಿಸುತ್ತಿರಲಿಲ್ಲ. ಮೈಕೆಲ್‌ನ ತಾಯಿಯ ಊರಿಗೆ ಕಳಿಸುತ್ತಿದ್ದೆ, ಆ ಎರಡು ರಾತ್ರಿ ಅವಳು ಎಲ್ಲಿದ್ದಳು ಅಂತ ಕೇಳಿಕೊಂಡು ಬರೋಕೆ.