ಮೂರು ಮೆಟ್ಟಿಲ ಮನೆ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಇರುವುದು ಬೆಂಗಳೂರಿನ ಹನುಮಂತನಗರದಲ್ಲಿ. ನಮ್ಮ ತಂದೆ 1974ರಲ್ಲಿ ಕಟ್ಟಿಸಿದ ಮನೆ. ಬೀದಿಯಿಂದ ಜಗಲಿಗೆ ಬರಲು ಮೂರು ಮೆಟ್ಟಿಲು. ಒಂದೊಂದೂ ಆರು ಇಂಚಿನ ಕಲ್ಲು. ಅವರೆಕಾಯಿ ಕಾಲದಲ್ಲಿ ಅಮ್ಮ ಸಂಜೆ ಹೊತ್ತು ಆ ಮೆಟ್ಟಿಲ ಮೇಲೆ ಕೂತು ಕಾಯಿ ಬಿಡಿಸುತ್ತಿದ್ದರು. ಎದುರು ಮನೆಯವರೂ ಬಂದು ಕೂರುತ್ತಿದ್ದರು. ಈಗ ಅಲ್ಲಿ ಒಂದೇ ಮೆಟ್ಟಿಲಿದೆ. ಇನ್ನೆರಡನ್ನು ಯಾರೂ ಕಿತ್ತುಕೊಂಡು ಹೋಗಿಲ್ಲ. ಅವು ರಸ್ತೆಯ ಕೆಳಗಿವೆ.

ಮೊದಲನೆಯ ಮೆಟ್ಟಿಲು ಹೋಗಲು ನಲವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಕೆಲವು ವರ್ಷಕ್ಕೊಮ್ಮೆ ಡಾಂಬರು ಹಾಕಲು ಬರುತ್ತಿದ್ದರು. ಹಳೆಯದನ್ನು ಕೆರೆದು ತೆಗೆಯುವುದಿಲ್ಲ, ಅದರ ಮೇಲೇ ಹೊಸ ಪದರ. ಒಂದು ಸಲಕ್ಕೆ ಒಂದಿಂಚು, ಒಂದೂವರೆ ಇಂಚು. ಅಷ್ಟು ಏರಿದರೆ ಯಾರಿಗೆ ಗೊತ್ತಾಗುತ್ತೆ? ಹೊಸ ರಸ್ತೆ ಬಂತು ಅಂತ ನಾವೂ ಖುಷಿಪಟ್ಟೆವು. ಎರಡನೆಯ ಮೆಟ್ಟಿಲು ಮಾತ್ರ ಎರಡೇ ತಿಂಗಳಲ್ಲಿ ಹೋಯಿತು.

ಅದು ವೈಟ್ ಟಾಪಿಂಗ್ ಕೆಲಸ. ಡಾಂಬರು ರಸ್ತೆಯ ಮೇಲೆ ಕಾಂಕ್ರೀಟ್ ಹಾಸುವುದು. ನಾಲ್ಕರಿಂದ ಎಂಟು ಇಂಚು ದಪ್ಪದವರೆಗೆ ಹಾಸಿದರೆ ಅದಕ್ಕೆ ತೆಳು ವೈಟ್ ಟಾಪಿಂಗ್ ಅನ್ನುತ್ತಾರೆ. ರಸ್ತೆಯ ಲೆಕ್ಕದಲ್ಲಿ ಅದು ತೆಳು. ಮನೆ ಬಾಗಿಲಿನ ಲೆಕ್ಕದಲ್ಲಿ ಒಂದಿಡೀ ಮೆಟ್ಟಿಲು.

ಮೊದಲು ಬಂದಿದ್ದು ಜೆಸಿಬಿ. ಅಂಚಿನ ಚಪ್ಪಡಿಗಳನ್ನು ಎತ್ತಿ ಹಾಕಿತು. ಎರಡನೇ ದಿನವೇ ನೀರಿನ ಪೈಪು ಒಡೆಯಿತು. ಮೂರು ದಿನ ನಲ್ಲಿಯಲ್ಲಿ ನೀರಿಲ್ಲ. ನಾಲ್ಕನೆಯ ದಿನ ಬಂದ ನೀರು ಕೆಂಪಗಿತ್ತು. ಸಂಪು ಖಾಲಿ ಮಾಡಿಸಿ ತೊಳೆಸಿದೆವು. ಸ್ಕೂಟರುಗಳೆಲ್ಲ ಪಕ್ಕದ ಬೀದಿಯಲ್ಲಿ ನಿಂತವು. ತರಕಾರಿ ಗಾಡಿ ಬರಲಿಲ್ಲ. ಕೊನೆಮನೆಯ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಎತ್ತಿಕೊಂಡು, ಜಲ್ಲಿ ರಾಶಿ ದಾಟಿಸಿದರು.

ಆ ಅಜ್ಜಿಯ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ಹಾಗಲ್ಲವಂತೆ. ಸಿಮೆಂಟು ನೀರಿನ ಜೊತೆ ಕೂಡಿಕೊಂಡು ಗಟ್ಟಿಯಾಗುತ್ತದೆ. ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಅದು ಎಷ್ಟು ಭಾರ ತಡೆಯುತ್ತದೆ ಅಂತ ನೋಡುವುದು 28ನೆಯ ದಿನಕ್ಕೆ. ಹಾಗಾಗಿ ಕಾಂಕ್ರೀಟ್ ಮೇಲೆ ಮಣ್ಣಿನ ಸಣ್ಣ ಬದು ಕಟ್ಟಿ, ಗದ್ದೆಯ ಮಡಿಗಳ ಹಾಗೆ ನೀರು ನಿಲ್ಲಿಸಿದರು. ನಮ್ಮ ಬೀದಿ ಒಂದಷ್ಟು ದಿನ ಗದ್ದೆ ಬಯಲಾಗಿತ್ತು! ಮೈನಾಗಳು ಬಂದು ಸ್ನಾನ ಮಾಡಿದವು. ಮಕ್ಕಳು ಕಾಗದದ ದೋಣಿ ಬಿಟ್ಟರು. ಗಾಡಿಗಳಿಲ್ಲ, ಹಾರನ್ ಇಲ್ಲ. ಎಷ್ಟೋ ವರ್ಷದ ಮೇಲೆ ಮಕ್ಕಳು ಕತ್ತಲಾಗುವವರೆಗೆ ಬೀದಿಯಲ್ಲಿ ಆಡಿದ್ದು ಆಗಲೇ.

ನೀರು ಹಾಕುತ್ತಿದ್ದವಳು ಯಾದಗಿರಿ ಕಡೆಯ ಹೆಣ್ಣುಮಗಳು. ಬೀದಿಯ ಕೊನೆಯಲ್ಲಿ ತಗಡಿನ ಶೆಡ್ಡಿನಲ್ಲಿ ಸಂಸಾರ. ಬಿಸಿಲಿಗೆ ಕುಡಿಯಲು ಮಜ್ಜಿಗೆ ಕೊಟ್ಟಾಗ ಮಾತಾಡಿದಳು. “ಕೂಸಿಗೆ ನೀರು ಹಾಕಿದಂಗ ದಿನಾ ಹಾಕಬೇಕ್ರಿ ಅಮ್ಮಾರ. ಇಲ್ಲಂದ್ರ ಬಿರಿತದ್ರಿ” ಅಂದಳು. ಆಮೇಲೆ ನಮ್ಮ ಮೆಟ್ಟಿಲ ಕಡೆ ನೋಡಿ, “ಇದು ಮುಚ್ಚಿ ಹೋಯ್ತಲ್ರಿ. ಮಳಿ ಬಂದ್ರ ನೀರು ಒಳಗ ಬರಂಗಿಲ್ಲೇನ್ರಿ?” ಅಂತ ಕೇಳಿದಳು.

ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಮರುದಿನ ಎಂಜಿನಿಯರ್ ಹುಡುಗ ಬಂದಾಗ ಕೇಳಿದೆ. ಒಳ್ಳೆಯ ಹುಡುಗ. ಕುಕ್ಕುರುಗಾಲಲ್ಲಿ ಕೂತು ಟೇಪು ಹಿಡಿದು ನೋಡಿದ. “ಆಂಟಿ, ನಾವು ರಸ್ತೆ ನಡುವಿನಿಂದ ಲೆವೆಲ್ ತಗೋತೀವಿ” ಅಂದ. ರಸ್ತೆ ನಡುವೆ ಎತ್ತರ, ಎರಡೂ ಬದಿಗೆ ಇಳಿಜಾರು. ನೀರು ಅಂಚಿಗೆ ಹರಿದು ಚರಂಡಿ ಸೇರಬೇಕು. ಸರಿಯಾದ ಮಾತು. ಆದರೆ ಹೊಸ್ತಿಲಿನಿಂದ ರಸ್ತೆಗೆ ಎಷ್ಟು ಅಂತ ಯಾರೂ ಅಳೆದಿರಲಿಲ್ಲ. ಎಷ್ಟು ಮನೆಗಳ ಬಾಗಿಲು ಈ ಬೀದಿಗೆ ತೆರೆಯುತ್ತವೆ! ಒಂದು ಮನೆಯ ಹೊಸ್ತಿಲಿನ ಅಳತೆಯೂ ಆ ನಕ್ಷೆಯಲ್ಲಿ ಇರಲಿಲ್ಲ.

ನಮ್ಮದು ಇಳಿಜಾರಿನ ಬಡಾವಣೆ. ರಾಮಾಂಜನೇಯ ಗುಡ್ಡ ಇಲ್ಲೇ ಇದೆ. ಅತ್ತ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಹತ್ತಿರವೇ ವೃಷಭಾವತಿ ಹುಟ್ಟುತ್ತಾಳೆ ಅಂತ ನಂಬಿಕೆ. ಈ ಕಡೆ ಬಿದ್ದ ಮಳೆ ವೃಷಭಾವತಿಗೆ ಹೋಗಿ, ಅಲ್ಲಿಂದ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಹಾಗಾಗಿ ನೀರು ಇಲ್ಲಿ ನಿಲ್ಲುವುದಿಲ್ಲ, ಓಡುತ್ತದೆ. ಮೊದಲು ಮರದ ಬುಡದ ಮಣ್ಣು, ಅಂಚಿನ ಮಣ್ಣು ಒಂದಿಷ್ಟು ನೀರು ಕುಡಿಯುತ್ತಿತ್ತು. ಈಗ ಗೋಡೆಯಿಂದ ಗೋಡೆಯವರೆಗೆ ಕಾಂಕ್ರೀಟ್. ಆ ವರ್ಷದ ಮೊದಲ ದೊಡ್ಡ ಮಳೆಗೆ, ರಾತ್ರಿ ಹತ್ತರ ಹೊತ್ತಿಗೆ, ನೀರು ಜಗಲಿ ಮೇಲೆ ಬಂತು. ನಾನೂ ನನ್ನ ಸೊಸೆಯೂ ಗೋಣಿಚೀಲ ಸುತ್ತಿ ಹೊಸ್ತಿಲಿಗೆ ಒತ್ತಿ ಕೂತೆವು. ಕೆಳಗಿನ ಮನೆಯವರಿಗೆ ಅದೂ ಆಗಲಿಲ್ಲ. ಅವರ ಅಕ್ಕಿ ಡಬ್ಬದವರೆಗೂ ನೀರು ಹೋಯಿತು.

ರಸ್ತೆ ಚೆನ್ನಾಗಿದೆ, ಅದನ್ನು ಹೇಳಲೇಬೇಕು. ಗುಂಡಿಯಿಲ್ಲ, ಧೂಳು ಕಡಿಮೆ. ತರಕಾರಿಯವನು ಗಾಡಿ ಸಲೀಸಾಗಿ ಉರುಳುತ್ತದೆ ಅನ್ನುತ್ತಾನೆ. ಕೆಲಸ ನೆಟ್ಟಗಿದ್ದರೆ ಇಪ್ಪತ್ತು ವರ್ಷಕ್ಕೂ ಮೀರಿ ಬಾಳುತ್ತದೆಯಂತೆ. ಆದರೆ ನುಣುಪು ರಸ್ತೆ ಕಂಡ ಗಾಡಿಗಳು ಈಗ ನಮ್ಮ ಬೀದಿಯನ್ನೇ ಅಡ್ಡದಾರಿ ಮಾಡಿಕೊಂಡಿವೆ. ಎದುರು ಮನೆಯವರು ರಂಗೋಲಿಯನ್ನು ಬೀದಿಯಿಂದ ಗೇಟಿನ ಒಳಕ್ಕೆ ತಂದುಬಿಟ್ಟರು.

ಹೊಂಗೆ ಮರಗಳ ಮಾತು ಹೇಳದಿದ್ದರೆ ಆಗುವುದಿಲ್ಲ. 1980ರ ದಶಕದಲ್ಲಿ ಅರಣ್ಯ ಅಧಿಕಾರಿ ಎಸ್. ಜಿ. ನೇಗಿನಹಾಳ ಅವರು ಬೆಂಗಳೂರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು. ಇಂದು ನಾವು ನಡೆಯುವ ಎಷ್ಟೋ ನೆರಳು ಆ ಮನುಷ್ಯನ ದುಡಿಮೆ. ನಮ್ಮ ಬೀದಿಯ ಐದು ಹೊಂಗೆಗಳೂ ಆ ಕಾಲದವೇ. ಅವುಗಳ ಬುಡಕ್ಕೆ ಅಂಟಿಸಿ ಕಾಂಕ್ರೀಟ್ ಸುರಿಯಲು ಹೊರಟಾಗ ನಾವು ನಾಲ್ಕೈದು ಹೆಂಗಸರು ಅಡ್ಡ ನಿಂತೆವು. ಬೇರಿಗೂ ಗಾಳಿ ಬೇಕು, ನೀರು ಬೇಕು, ಅಲ್ವಾ? ದೆಹಲಿಯ ಮರಗಳ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟ್ ತೆಗೆಯಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ಅದನ್ನು ಆ ಹುಡುಗನಿಗೆ ತೋರಿಸಿದೆವು. ಮೂರು ಮರಗಳಿಗೆ ಜಾಗ ಬಿಡಿಸಿದ. ಎರಡಕ್ಕೆ ಆಗಲೇ ಸುರಿದಾಗಿತ್ತು. ಈ ಯುಗಾದಿಗೆ ಮೂರು ಮರ ತುಂಬಾ ಚಿಗುರಿದವು. ಇನ್ನೆರಡರ ಚಿಗುರು ತೆಳ್ಳಗಿತ್ತು. ನಾನು ದಿನಾ ಅವನ್ನೇ ನೋಡುತ್ತೇನೆ.

ಹೋದ ತಿಂಗಳು ಒಂದು ಭಾನುವಾರ ಟೇಪು ತೆಗೆದುಕೊಂಡು ಹೋಗಿ ನಮ್ಮ ಸಾಲಿನ ಎಲ್ಲ ಮನೆಗಳ ಹೊಸ್ತಿಲಿನಿಂದ ರಸ್ತೆಗೆ ಎಷ್ಟಿದೆ ಅಂತ ಅಳೆದೆ. ಮೊಮ್ಮಗಳು ಟೇಪಿನ ಇನ್ನೊಂದು ತುದಿ ಹಿಡಿದಳು. ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಮನೆ ನಂಬರಿನ ಜೊತೆ ಬರೆದಿದ್ದೇವೆ. ಕೆಳಗಿನ ಮನೆಗೆ ಎರಡೂವರೆ ಇಂಚು. ನಮ್ಮದಕ್ಕೆ ಆರು. ಮುಂದಿನ ಸಲ ರಸ್ತೆ ಕೆಲಸಕ್ಕೆ ಯಾರೇ ಬಂದರೂ, ಜೆಸಿಬಿ ಇಳಿಯುವ ಮೊದಲು ಆ ನೋಟುಬುಕ್ಕು ಅವರ ಕೈಗೆ ಕೊಡುತ್ತೇವೆ.

ನಮಸ್ಕಾರ.