ಪಟಾಪಟಿ ಚಡ್ಡಿಯ ಒಳಜೇಬು

ಕೇಳುಗರೇ, ನಮಸ್ಕಾರ.

ನಮ್ಮ ಮಾವ ಮೆಕ್ಕೆಜೋಳ ಮಾರಿದ ದುಡ್ಡನ್ನು ಇಡುವುದು ಪಟಾಪಟಿ ಚಡ್ಡಿಯ ಒಳಜೇಬಿನಲ್ಲಿ. ಅಂಗಿ ಜೇಬು ಏನಿದ್ದರೂ ಎಲೆ ಅಡಿಕೆಗೆ. ಒಂದು ಸಂಜೆ ದಾವಣಗೆರೆ ಎಪಿಎಂಸಿಯಿಂದ ಬರುವಾಗ ಭರಮಸಾಗರದ ಹತ್ತಿರ ಬೈಕ್ ಜಾರಿ ತೊಡೆ ಮುರಿಯಿತು. 108 ಬಂತು. ಅದರಲ್ಲಿದ್ದ ಹುಡುಗ ಕತ್ತರಿ ತೆಗೆದು ಪಂಚೆ ಕತ್ತರಿಸಿದ, ಚಡ್ಡಿಗೂ ಕೈ ಹಾಕಿದ. ಅಷ್ಟು ನೋವಿನಲ್ಲೂ ಮಾವ ಕೂಗಿದ್ದು ಕಾಲಿಗಾಗಿ ಅಲ್ಲ. 'ಜೇಬು ಬಿಡೋ ಮಾರಾಯ!'

'ಜೇಬು ಬಿಟ್ಟೇ ಕತ್ತರಿಸ್ತೀನಿ ಅಜ್ಜ' ಅಂದ ಹುಡುಗ.

ಬಟ್ಟೆ ಕತ್ತರಿಸಲೇಬೇಕಾ? ಹೌದು. ತೊಡೆಮೂಳೆ ಮುರಿದರೆ ಹೊರಗೆ ಒಂದು ಹನಿ ಕಾಣದೆ ಒಳಗೇ ಒಂದು ಲೀಟರ್ ರಕ್ತ ಸೋರಬಹುದು. ಬಟ್ಟೆ ಬಿಚ್ಚಲು ಹೋಗಿ ಕಾಲು ಅಲುಗಿಸಿದರೆ ಇನ್ನೂ ಜಾಸ್ತಿ. ಬೆರಳು ಊದುವ ಮುಂಚೆ ಉಂಗುರ ತೆಗೆಯುವುದೂ ಇದೇ ಲೆಕ್ಕ. ಪ್ರಜ್ಞೆ ಇಲ್ಲದವರ ಜೇಬು ನೋಡುವುದು ಹೆಸರು, ಮನೆಯವರ ನಂಬರ್, ಸಕ್ಕರೆ ಕಾಯಿಲೆಯ ಮಾತ್ರೆ ಚೀಟಿ ಸಿಗಲಿ ಅಂತ. ಒಪ್ಪಿಗೆ ಕೇಳಲು ಆಗದ ಹೊತ್ತಿನಲ್ಲಿ, ಒಳ್ಳೆ ಮನಸ್ಸಿನಿಂದ ಗಾಯಾಳುವಿನ ಒಳಿತಿಗೆ ಮಾಡಿದ ಕೆಲಸವನ್ನು ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ಕಾಯುತ್ತದೆ. ಪ್ರಜ್ಞೆ ಇದ್ದವರನ್ನು ಮಾತ್ರ ಕೇಳಲೇಬೇಕು, ಮಾವನಂಥ ಮೊಂಡರಾದರೂ ಸರಿ.

ಆಂಬುಲೆನ್ಸ್‌ನವರ ಅಧಿಕಾರ ಅಲ್ಲಿಗೆ ಮುಗಿಯಿತು. ಪರ್ಸ್ ಅವರ ಜೇಬಿಗೆ ಇಳಿದರೆ ಯೂನಿಫಾರಂ ಇದ್ದರೂ ಅದು ಕಳ್ಳತನವೇ. ಸತ್ತವರ ಒಡವೆ ಲಪಟಾಯಿಸಿದವರಿಗೆ ಬೇರೆಯದೇ ಸೆಕ್ಷನ್ ಇದೆ, 315. ವಸ್ತು ಜಪ್ತಿ ಮಾಡುವುದು ಪೊಲೀಸರ ಕೆಲಸ, ಆಂಬುಲೆನ್ಸ್‌ನವರದಲ್ಲ.

ನಮ್ಮ ಹುಡುಗ ಮಾಡಿದ್ದು ಕೇಳಿ. ನೋಟಿನ ಕಟ್ಟು, ಉಂಗುರ ಎರಡನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಮಾವನ ಕೈಗೇ ಕೊಟ್ಟ. ಆಸ್ಪತ್ರೆ ಬಾಗಿಲಲ್ಲಿ ನರ್ಸ್ ಎದುರು ಎಣಿಸಿ ಬರೆದ. 500ರ ನೋಟು 83. ಹಳದಿ ಲೋಹದ ಉಂಗುರ 1.

ಅತ್ತೆಗೆ ಸಿಟ್ಟು ಬಂತು. 'ಹಳದಿ ಲೋಹ ಅಂದ್ರೇನು? ನಮ್ದೇನು ಡೂಪ್ಲಿಕೇಟಾ?'

'ನಾನು ಅಕ್ಕಸಾಲಿಗ ಅಲ್ವಲ್ಲಮ್ಮ. ಕಣ್ಣಿಗೆ ಕಂಡಿದ್ದು ಬರೀತೀನಿ' ಅಂದ. ಸರಿಯಾದ ಮಾತು. ಚಿನ್ನ ಅಂತ ಬರೆದು ನಾಳೆ ಅದು ಹಿತ್ತಾಳೆ ಅಂತಾದರೆ, ಬದಲಾಯಿಸಿದ ಅಪವಾದ ಅವನ ತಲೆಗೇ ಅಲ್ವಾ?

ಅತ್ತೆ ಸಹಿ ಹಾಕಿದರು. ಮಾವ ಮಲಗಿದಲ್ಲೇ ಎಂಜಲು ಹಚ್ಚಿ ಮತ್ತೊಮ್ಮೆ ಎಣಿಸಿದರು. 83 ಸರಿಯಾಗಿತ್ತು. ಆಮೇಲೆ 'ಅಯ್ಯೋ, ಕಾಲು' ಅಂದರು.