ನೆಲನೆಲ್ಲಿ, ಇಲಿ ಮತ್ತು ವಿಷದ ಅಣಬೆ

[ದೃಶ್ಯ: ಹಿತ್ತಿಲು. ಬೇರುಸಹಿತ ಕಿತ್ತ ನೆಲನೆಲ್ಲಿ ಗಿಡ.]

ಕಾಮಾಲೆ ಬಂದವರಿಗೆ ನೆಲನೆಲ್ಲಿಯನ್ನು ಅರೆದು, ಹಾಲಿನಲ್ಲಿ ಕದಡಿ, ಬರಿಹೊಟ್ಟೆಯಲ್ಲಿ ಕುಡಿಸುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಕೆಲವು ವಾರಗಳಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ, ಗಿಡಕ್ಕೆ ಹೆಸರು ಬರುತ್ತದೆ. ಆದರೆ ಹೆಪಟೈಟಿಸ್ ಎ ವೈರಸ್ಸಿನ ಕಾಮಾಲೆ ಏನೂ ಕುಡಿಯದಿದ್ದರೂ ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಹಾಗಾದರೆ ಗಿಡ ಮಾಡಿದ್ದೇನು? ನೋಡಲು ಪ್ರಯೋಗಾಲಯಕ್ಕೆ ಹೋಗೋಣ. ಇಲಿಗಳ ಪಾಲಿಗೆ ಅದೇನೂ ಸುಖದ ಜಾಗವಲ್ಲ.

[ಅನಿಮೇಷನ್: ಯಕೃತ್ತಿನ ಒಂದು ಜೀವಕೋಶ.]

ಇಲಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಡುತ್ತಾರೆ. ವಿಷ ಕಳೆಯಬೇಕಾದ ಯಕೃತ್ತಿನ ಕಿಣ್ವವೇ ಅದನ್ನು ಇನ್ನೂ ಕೆಟ್ಟ ತುಣುಕಾಗಿ ಒಡೆಯುತ್ತದೆ. ಒಂಟಿ ಎಲೆಕ್ಟ್ರಾನ್ ಹೊತ್ತ ಈ ಫ್ರೀ ರಾಡಿಕಲ್ ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನ ಮೇಲೆ ಎರಗುತ್ತದೆ. ಒಂದು ಅಣು ಕೆಟ್ಟರೆ ಪಕ್ಕದ್ದೂ ಕೆಡುತ್ತದೆ, ಬಣವೆಗೆ ಕಿಡಿ ಬಿದ್ದ ಹಾಗೆ. ಪೊರೆ ಹರಿದು ಎಎಲ್‌ಟಿ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ರಕ್ತಪರೀಕ್ಷೆಯ ವರದಿಯಲ್ಲಿ ಎಸ್‌ಜಿಪಿಟಿ ಎಂದು ಬರೆದಿರುತ್ತದಲ್ಲ, ಅದೇ ಇದು.

ಮೊದಲೇ ಗಿಡದ ಸಾರ ಕುಡಿದ ಇಲಿಯಲ್ಲಿ ಈ ಅಂಕಿ ಅಷ್ಟು ಏರುವುದಿಲ್ಲ. ಸಾರದಲ್ಲಿರುವ ಆ್ಯಂಟಿ ಆಕ್ಸಿಡೆಂಟ್ ತನ್ನದೊಂದು ಎಲೆಕ್ಟ್ರಾನನ್ನು ಕೊಟ್ಟು ಕಿಡಿಯನ್ನು ಆರಿಸುತ್ತದೆ. ನೆಲನೆಲ್ಲಿಯ ಫಿಲಾಂಥಿನ್, ಅರಿಶಿನದ ಕರ್ಕ್ಯುಮಿನ್, ಗ್ರೀನ್ ಟೀಯ ಇಜಿಸಿಜಿ, ಎಲ್ಲವೂ ಇಂಥ ಪರೀಕ್ಷೆಗಳಲ್ಲಿ ಪಾಸು. ಇಷ್ಟೊಂದು ಗಿಡಗಳು ಪಾಸಾಗುವ ಪರೀಕ್ಷೆಯ ಮೇಲೆಯೇ ನನಗೆ ಗುಮಾನಿ. ವಿಷ ಬರುವ ಮುನ್ನವೇ ಮದ್ದು ಕುಡಿದಿರುವ ಭಾಗ್ಯ ಎಷ್ಟು ಜನರಿಗಿದೆ?

[ದೃಶ್ಯ: ನೇರಳೆ ಹೂವಿನ ಮುಳ್ಳುಗಿಡ.]

ಇದು ಮೆಡಿಟರೇನಿಯನ್ ಸೀಮೆಯ ಮಿಲ್ಕ್ ಥಿಸಲ್. ಇದರ ಬೀಜದ ಸಿಲಿಮರಿನ್ ನಮ್ಮ ಔಷಧದ ಅಂಗಡಿಗಳಲ್ಲೂ ಮಾತ್ರೆಯಾಗಿ ಸಿಗುತ್ತದೆ. ಅದರ ಮುಖ್ಯ ಅಂಶವಾದ ಸಿಲಿಬಿನಿನ್ ಅನ್ನು ಯುರೋಪಿನಲ್ಲಿ ಡೆತ್ ಕ್ಯಾಪ್ ಎಂಬ ವಿಷದ ಅಣಬೆ ತಿಂದವರಿಗೆ ರಕ್ತನಾಳದ ಮೂಲಕ ಕೊಡುತ್ತಾರೆ.

ಸ್ವಾರಸ್ಯ ಇರುವುದು ಇಲ್ಲಿ. ಆ ಅಣಬೆಯ ವಿಷ ಯಕೃತ್ತಿನ ಜೀವಕೋಶದೊಳಗೆ ನುಗ್ಗಲು ಪೊರೆಯಲ್ಲಿರುವ ಒಂದು ಪ್ರೋಟೀನ್ ಬಾಗಿಲಾಗುತ್ತದೆ. ಒಳಹೊಕ್ಕ ವಿಷ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿ ಜೀವಕೋಶವನ್ನು ಕೊಲ್ಲುತ್ತದೆ. ಸಿಲಿಬಿನಿನ್ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಪಿತ್ತದೊಂದಿಗೆ ಕರುಳಿಗೆ ಇಳಿದ ವಿಷ ಮತ್ತೆ ಯಕೃತ್ತಿಗೇ ಮರಳುವುದರಿಂದ, ಅಣಬೆ ತಿಂದ ಮೇಲೆ ಬಾಗಿಲು ಮುಚ್ಚಿದರೂ ಲಾಭವಿದೆ. ಅಂದರೆ ಈ ಗಿಡದ ಅತಿ ದೊಡ್ಡ ಕೆಲಸಕ್ಕೂ ಡಬ್ಬಿಯ ಮೇಲಿನ ಆ್ಯಂಟಿ ಆಕ್ಸಿಡೆಂಟ್ ಎಂಬ ಪದಕ್ಕೂ ಅಷ್ಟೇನೂ ನಂಟಿಲ್ಲ!

ಅದೇ ಸಿಲಿಮರಿನ್ ಅನ್ನು ಹೆಪಟೈಟಿಸ್ ಸಿ ಇದ್ದ 154 ಜನರ ಅಧ್ಯಯನವೊಂದರಲ್ಲಿ ಬಾಯಿಯ ಮೂಲಕ 24 ವಾರ ಕೊಟ್ಟು ನೋಡಿದರು. 2012ರಲ್ಲಿ ಫಲಿತಾಂಶ ಬಂತು: ಎಎಲ್‌ಟಿ ಇಳಿಸುವುದರಲ್ಲಿ ಹುಸಿಮಾತ್ರೆಗಿಂತ ಅದು ಮೇಲಾಗಲಿಲ್ಲ.

[ದೃಶ್ಯ: ಒಂದು ಕಡೆ ಟೀ ಲೋಟ, ಇನ್ನೊಂದು ಕಡೆ ಕ್ಯಾಪ್ಸೂಲ್ ಡಬ್ಬಿ.]

ಇನ್ನು ಗ್ರೀನ್ ಟೀ. ಲೋಟದಲ್ಲಿ ಕುಡಿಯುವವರು ಸಾಮಾನ್ಯವಾಗಿ ಹೆದರಬೇಕಿಲ್ಲ. ಸಾರವನ್ನು ಗಟ್ಟಿಮಾಡಿ ತುಂಬಿದ ಕ್ಯಾಪ್ಸೂಲಿನ ಕಥೆ ಬೇರೆ. ಪೂರಕಗಳ ರೂಪದಲ್ಲಿ ಇಜಿಸಿಜಿಯನ್ನು ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡವರ ಬಗ್ಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು. ಅವರ ರಕ್ತದಲ್ಲಿ ಏರಿದ್ದು, ಇಲಿಯಲ್ಲಿ ಇದೇ ಪದಾರ್ಥ ಇಳಿಸಿ ತೋರಿಸಿದ್ದ ಯಕೃತ್ತಿನ ಕಿಣ್ವಗಳೇ.